ಗುಂಡಗೆ ಬರೆದ ಕಾಗದ

ನಮ್ಮ ಮೊದಲ ಸರ್ಕಾರವನ್ನು ನೆನೆದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ನಗಬಹುದು. ಎರಡು ವರ್ಷ ಏಳು ತಿಂಗಳು ಅದರ ಜೊತೆ ಕೂತು ಬೆವರಿದವಳು ನಾನು, ಅದರ ಕಾಗದಗಳನ್ನೆಲ್ಲ ನಕಲು ಮಾಡಿದವಳು ನಾನು. ಅದು ನನಗೆ ಮನೆಯ ವಿಷಯ ಇದ್ದ ಹಾಗೆ. ಈಗಿನ ಕಲ್ಲಿನ ಕಟ್ಟಡದಲ್ಲಿ ಫ್ಯಾನಿನ ಕೆಳಗೆ ಕೂತು, "ಹೂವಿನ ಕುಂಡದ ಮಧ್ಯೆ ನಡೀತಿತ್ತಂತಲ್ಲ ನಿಮ್ಮ ಸರ್ಕಾರ" ಎಂದು ಹಲ್ಲು ಕಿರಿಯುವ ಹೊಸ ಗುಮಾಸ್ತರಿಗೆ ಏನು ಗೊತ್ತು?

ಕುಂಡದ ಮಧ್ಯೆ ನಡೆಯುತ್ತಿದ್ದದ್ದು ನಿಜ. ಹಳೆಯ ದೊರೆಗಳು ಹೋಗುವಾಗ ಕಚೇರಿಗಳಿಗೆಲ್ಲ ಬೆಂಕಿ ಹಚ್ಚಿ ಹೋದರು. ಐವತ್ತು ಜನ ಒಟ್ಟಿಗೆ ಕೂರಬಹುದಾದ ಜಾಗ ಅಂತ ಊರಿನಲ್ಲಿ ಉಳಿದದ್ದು ದೊಡ್ಡ ತೋಟದ ಗಾಜಿನ ಮನೆ ಒಂದೇ. ಬೆಂಕಿ ಹಚ್ಚುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಎಲೆಗಳೆಲ್ಲ ಹಸಿ.

ಅದರೊಳಗಿನ ಬೆಳಕು ಈಗಲೂ ನನ್ನ ಕಣ್ಣಲ್ಲಿದೆ. ಎಲೆಗಳಿಂದ ಸೋಸಿ ಬರುತ್ತಿದ್ದ ಹಸಿರು ಬೆಳಕು. ಅದರಲ್ಲಿ ಕೂತವರೆಲ್ಲ ಕೆರೆಯ ತಳದಲ್ಲಿ ಕೂತವರ ಹಾಗೆ ಕಾಣುತ್ತಿದ್ದರು. ಮಾತು ಸ್ವಲ್ಪ ತಡವಾಗಿ ಬಂದು ಕಿವಿ ಮುಟ್ಟುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಒಂಬತ್ತು ಪ್ರಾಂತ್ಯಗಳ ಪ್ರತಿನಿಧಿಗಳಿಗೂ ಒಟ್ಟಿಗೆ ಜೊಂಪು ಹತ್ತುತ್ತಿತ್ತು. ಆ ಅರ್ಧ ಗಂಟೆ ದೇಶದಲ್ಲಿ ಭಿನ್ನಾಭಿಪ್ರಾಯವೇ ಇರುತ್ತಿರಲಿಲ್ಲ. ಹೊರಗೆ ನಡೆದು ಹೋಗುವವರು ಗಾಜಿಗೆ ಮೂಗೊತ್ತಿ ಒಳಗೆ ನೋಡುತ್ತಿದ್ದರು. ಹೇಳುವುದಿದ್ದವರು ಗಾಜು ತಟ್ಟಿದರೆ ಸಾಕು, ಯಾರಾದರೂ ಎದ್ದು ಬಾಗಿಲು ತೆಗೆಯಬೇಕು, ಅದು ನಿಯಮ. ಈಗಿನ ಕಟ್ಟಡಕ್ಕೆ ಬಾಗಿಲು ಏಳಿವೆ, ತಟ್ಟಿ ನೋಡಿ.

ನಮ್ಮ ಜೊತೆ ಗಾಜಿನ ಮನೆಯ ತೋಟಗಾರನೂ ಇದ್ದ. "ಈ ಮನೆಗೆ ಮೊದ್ಲು ಬಂದವ್ನು ನಾನು, ಸರ್ಕಾರ ಆಮೇಲೆ" ಎಂದು ಎಲ್ಲರೆದುರೇ ಹೇಳುತ್ತಿದ್ದ. ದಿನಾ ಹನ್ನೊಂದು ಗಂಟೆಗೆ ಏಣಿ ಹತ್ತಿ ಚಾವಣಿಯ ಗಾಜಿನ ಮೇಲೆ ಬೆತ್ತದ ಚಾಪೆ ಇಳಿಬಿಡುವುದು ಅವನ ಕೆಲಸ. ಅವನು ಚಾಪೆ ಬಿಡದಿದ್ದರೆ ಸರ್ಕಾರ ಬೆಂದೇ ಹೋಗುತ್ತಿತ್ತು. ಚಾಪೆ ಬಿಟ್ಟರೂ ನಮ್ಮ ಅರಗು ಗಟ್ಟಿಯಾಗುತ್ತಿರಲಿಲ್ಲ. ಒಳ್ಳೆಯ ಅರಗನ್ನೆಲ್ಲ ಹಳಬರು ಹೊತ್ತೊಯ್ದಿದ್ದರು. ಉಳಿದದ್ದಕ್ಕೆ ಜೇನುಮೇಣ ಬೆರೆಸಿ, ಬಣ್ಣ ಹಾಕಿ, ಪ್ರಾಂತ್ಯಕ್ಕೊಂದು ಬಣ್ಣದ ಕಡ್ಡಿ ಮಾಡಿಕೊಂಡಿದ್ದೆವು. ಮುದ್ರೆ ಒತ್ತಿದ ಕಾಗದವನ್ನು ತಕ್ಷಣ ಹೊರಗೆ ತಣ್ಣೀರಿನ ತೊಟ್ಟಿಯ ಪಕ್ಕ ಇಡಬೇಕಿತ್ತು. ಒಳಗೇ ಬಿಟ್ಟರೆ ರಾಷ್ಟ್ರದ ಮುದ್ರೆ ಸಂಜೆಯೊಳಗೆ ಮುಖ ಕಳೆದುಕೊಳ್ಳುತ್ತಿತ್ತು.

ಸರ್ಕಾರದ ಹಿರಿಯರನ್ನು ನಾವು ಬೆನ್ನ ಹಿಂದೆ "ದಯವಿಟ್ಟು ತಾತ" ಎನ್ನುತ್ತಿದ್ದೆವು. ಹೋರಾಟಕ್ಕೆ ಮುಂಚೆ ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಆಗಲೂ ಜೇಬಿನಲ್ಲಿರುತ್ತಿತ್ತು. ಹಳೆಯ ದೊರೆಗಳ ಅಪ್ಪಣೆ ಕೇಳಿ ಕೇಳಿ ರೋಸಿದ್ದ ಒಂಬತ್ತು ಪ್ರಾಂತ್ಯದವರೂ ಸೇರಿ ಮೊದಲ ಕಾನೂನಿನಲ್ಲೇ ಬರೆಸಿಬಿಟ್ಟಿದ್ದರು: ಕೇಂದ್ರವು ಯಾರಿಗೂ ಅಪ್ಪಣೆ ಮಾಡತಕ್ಕದ್ದಲ್ಲ, ಕೇಳಿಕೊಳ್ಳಬಹುದು. ಏನೇ ಆಗಬೇಕಿದ್ದರೂ ಒಂಬತ್ತೂ ಮುದ್ರೆ ಬೀಳಬೇಕು. ಹಾಗಾಗಿ ತಾತನ ಪ್ರತಿ ಮಾತೂ "ದಯವಿಟ್ಟು" ಎಂದೇ ಶುರುವಾಗುತ್ತಿತ್ತು. ಕಿಟಕಿ ತೆಗೆಯುವುದಕ್ಕೂ ಹಾಗೇ.

ಅದರಿಂದ ಏನೂ ಆಗಲಿಲ್ಲ ಅನ್ನುವವರಿಗೆ ನಾನು ಗಜಕೋಲಿನ ವಿಷಯ ಹೇಳುತ್ತೇನೆ. ಒಂಬತ್ತು ಕಡೆ ಒಂಬತ್ತು ಉದ್ದದ ಗಜ ಇತ್ತು. ಕೇಳಿಕೊಂಡೇ ಅದನ್ನು ಒಂದು ಮಾಡಿದರು. ಹಳಿಗಳ ಅಗಲವೂ ಒಂದೇ ಆಗಿ, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ರೈಲು ಬದಲಾಯಿಸದೆ ಹೋಗುವಂತಾಯಿತು. ಮತ್ತೆ, ಅಷ್ಟೂ ದಿನ ಆ ಸರ್ಕಾರ ಒಬ್ಬರ ಮೇಲೂ ಕೈ ಮಾಡಲಿಲ್ಲ. ಕೈ ಮಾಡುವುದಕ್ಕೆ ಅದಕ್ಕೆ ಕೈಯೇ ಇರಲಿಲ್ಲ ಅಂತ ಅಮ್ಮ ಅನ್ನುತ್ತಿದ್ದಳು.

ಅಮ್ಮನಿಗೆ ಕೋಪ ಬರಲು ಕಾರಣವಿತ್ತು. ಮನೆಯಲ್ಲಿ ಇದ್ದದ್ದು ಮೂರೇ ಜನ: ಅಮ್ಮ, ನಾನು, ನನ್ನ ತಮ್ಮ. ಹೋರಾಟದ ಕೊನೆಯ ತಿಂಗಳಲ್ಲಿ ಪ್ರಾಂತ್ಯಗಳಿಗೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟಿ, ತಮ್ಮ ಗಡಿ ದಾಟಿ ಬಂದ ಬೇರೆ ಪ್ರಾಂತ್ಯದ ಯುವಕರನ್ನೆಲ್ಲ ಹಿಡಿದು ಕೂಡಿಹಾಕಿದ್ದರು. ಒಂಬತ್ತು ಕಡೆಯೂ ಹೀಗೆ ಮಾಡಿದ್ದರು. ಶತ್ರು ಹೋದ, ಅನುಮಾನ ಹೋಗಲಿಲ್ಲ. ಸುದ್ದಿ ತಲುಪಿಸಲು ಹೋಗಿದ್ದ ನನ್ನ ತಮ್ಮ ಉಪ್ಪಿನ ಪ್ರಾಂತ್ಯದ ಒಂದು ಉಗ್ರಾಣದಲ್ಲಿ ಸಿಕ್ಕಿಬಿದ್ದಿದ್ದ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಚಳಿಗಾಲದಲ್ಲಿ ಅಲ್ಲಿ ಉಪ್ಪಿನ ಗಾಳಿ ಬೀಸುತ್ತದೆ, ಗಟ್ಟಿಮುಟ್ಟಾದವರೂ ಕೆಮ್ಮಿ ಕೆಮ್ಮಿ ಸಾಯುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು. ಸರ್ಕಾರ ಬಂದಾಗ ಗಾಳಿ ಶುರುವಾಗುವುದಕ್ಕೆ ಆರು ತಿಂಗಳಿತ್ತು.

ತಿಂಗಳಿಗೊಂದು ಪತ್ರ ಬರುತ್ತಿತ್ತು. ಮೊದಲಿನವು ಅವನ ಕೈಬರಹದವೇ, ಕೋಳಿ ಕೆದಕಿದ ಹಾಗೆ. ಆಮೇಲೆ ಬೇರೆ ಕೈ ಶುರುವಾಯಿತು. "ಅಮ್ಮಾ, ಉಪ್ಪಿಗೆ ಬೆರಳು ಬಿರಿದು ಪೆನ್ನು ಹಿಡಿಯೋಕೆ ಆಗುತ್ತಿಲ್ಲ, ಪಕ್ಕದ ಹಾಸಿಗೆಯವನು ಬರೆದುಕೊಡುತ್ತಿದ್ದಾನೆ" ಎಂದಿತ್ತು. ಆ ಪಕ್ಕದ ಹಾಸಿಗೆಯವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಾನು ಅಕ್ಷರದಲ್ಲೇ ಹೊಟ್ಟೆ ಹೊರೆಯುವವಳು. ಅಂಥ ಕೈಯನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಾಲಿನ ಕೊನೆಗೆ ಬಂದರೂ ಅವಸರವಿಲ್ಲ, ಕಾಗದ ಮುಗಿಯುತ್ತಾ ಬಂದರೂ ಅಕ್ಷರ ಸಣ್ಣದಾಗುವುದಿಲ್ಲ. ಅಮ್ಮ ಪತ್ರದಲ್ಲಿ ಮಗನ ಕ್ಷೇಮ ಹುಡುಕುತ್ತಿದ್ದಳು. ನಾನು ಅದನ್ನು ಕಚೇರಿಗೂ ಒಯ್ದು, ಜೊಂಪಿನ ಅರ್ಧ ಗಂಟೆಯಲ್ಲಿ, ಹಸಿರು ಬೆಳಕಿನಲ್ಲಿ, ಸುಮ್ಮನೆ ಆ ಕೈಯನ್ನು ನೋಡುತ್ತಿದ್ದೆ. ಬಿಡುಗಡೆಯಾದ ಮೇಲೆ ಇವನಿಗೆ ನನ್ನ ಪಕ್ಕದ ಮೇಜು ಕೊಡಿಸಬೇಕು ಅಂದುಕೊಂಡಿದ್ದೆ. ಅಷ್ಟೇ ಅಂದುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ.

ಸರ್ಕಾರ ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಈ ಬಿಡುಗಡೆಯೂ ಒಂದು. ಒಂಬತ್ತೂ ಪ್ರಾಂತ್ಯದವರು ಒಂದೇ ದಿನ ಎಲ್ಲರನ್ನೂ ಬಿಡುವುದು, ಒಂದೇ ಕಾಗದ, ಒಂಬತ್ತು ಮುದ್ರೆ. ಒಂದು ಬೆಳಿಗ್ಗೆಯಲ್ಲಿ ಎಲ್ಲರೂ ಒಪ್ಪಿದರು. ಆಮೇಲೆ ಯಾರ ಹೆಸರು ಮೊದಲು ಬರೆಯಬೇಕು ಎಂಬ ಮಾತು ಎದ್ದಿತು.

ಹನ್ನೊಂದು ದಿನ ಹಿಡಿಯಿತು. ನದಿ ಪ್ರಾಂತ್ಯದವರು ತಾವು ಹಳಬರು ಎಂದರು. ಬೆಟ್ಟದ ಪ್ರಾಂತ್ಯದವರು ತಾವು ಎತ್ತರದವರು ಎಂದರು. ಉಪ್ಪಿನ ಪ್ರಾಂತ್ಯದವರು ಏನೂ ಹೇಳದೆ, ಯಾರ ಕೆಳಗೂ ತಮ್ಮ ಹೆಸರು ಬರೆಯಬಾರದು ಎಂದಷ್ಟೇ ಅಂದರು. ಹೆಸರಿನ ಮೇಲಲ್ಲ ಅವರ ಹಟ ಎಂದು ನನಗೆ ಆಗ ತಿಳಿಯಲಿಲ್ಲ. ಮೊದಲು ಮುದ್ರೆ ಒತ್ತಿದವರು ಮೊದಲು ಸೋತ ಹಾಗೆ. ಅವರ ಕೈಯಲ್ಲಿರುವ ಬೇರೆಯವರ ಮಕ್ಕಳು ಹೋಗುತ್ತಾರೆ, ತಮ್ಮವರು ಬರುತ್ತಾರೋ ಇಲ್ಲವೋ ಎಂಬ ಅಂಜಿಕೆ. ನನಗೆ ಮೂವತ್ತು ದಾಟಿರಲಿಲ್ಲ. ಹನ್ನೊಂದು ದಿನವೂ ತಮ್ಮನ ಎದೆ ಗೊರಗುಡುವ ಶಬ್ದವೇ ಕಿವಿಯಲ್ಲಿ.

ಹನ್ನೆರಡನೇ ದಿನ ನಾನು ಎದ್ದು ನಿಂತೆ. ಊಟದ ತಟ್ಟೆಯನ್ನು ಕಾಗದದ ಮೇಲೆ ಕವುಚಿ, ಅಂಚಿನ ಸುತ್ತ ಪೆನ್ನು ಎಳೆದು, ಆ ಗೆರೆಯ ಮೇಲೆ ಒಂಬತ್ತು ಹೆಸರನ್ನೂ ಗುಂಡಗೆ ಬರೆದೆ. ಮೊದಲು ಯಾರೂ ಇಲ್ಲ, ಕೊನೆಗೆ ಯಾರೂ ಇಲ್ಲ. ಯಾವ ಕಡೆಯಿಂದ ಹಿಡಿದರೂ ಹಿಡಿದವರ ಹೆಸರೇ ನೆಟ್ಟಗೆ ಕಾಣುತ್ತದೆ.

ಇಡೀ ಗಾಜಿನ ಮನೆ ಚಪ್ಪಾಳೆ ತಟ್ಟಿತು. ಹೊರಗೆ ಮೂಗೊತ್ತಿ ನಿಂತವರೂ ಏಕೆಂದು ತಿಳಿಯದೆ ತಟ್ಟಿದರು. ದಯವಿಟ್ಟು ತಾತ ಭೂತಗನ್ನಡಿ ಸಿಕ್ಕಿಸಿಕೊಂಡು ಕಾಗದವನ್ನು ಸುತ್ತ ತಿರುಗಿಸಿ ನೋಡಿ, "ದಯವಿಟ್ಟು, ಈ ಹುಡುಗಿಗೆ ಯಾರಾದ್ರೂ ಚಹಾ ಕೊಡಿ" ಎಂದರು. ಅಂದಿನ ಹೆಮ್ಮೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮನೆಗೆ ಹಾರಿಕೊಂಡೇ ಹೋಗಿದ್ದೆ.

ಕಾಗದ ಸುತ್ತು ಹೊರಟಿತು. ಅಮ್ಮ ದಿನಾ ಕೇಳುತ್ತಿದ್ದಳು, "ಏನಂತೆ ನಿನ್ನ ಸರ್ಕಾರ?"

"ಕೇಳ್ಕೊಂಡಿದೀವಮ್ಮ."

"ಕೇಳ್ಕೊಳ್ಳೋದು ನಂಗೂ ಬರುತ್ತೆ. ಅದಕ್ಕೊಂದು ಸರ್ಕಾರ ಯಾಕೆ?"

ನಲವತ್ತು ದಿನಕ್ಕೆ ಕಾಗದ ವಾಪಸ್ಸು ಬಂತು. ಒಂದು ಮುದ್ರೆಯೂ ಇರಲಿಲ್ಲ. ಅದರ ಜೊತೆ ಒಂಬತ್ತು ಚೀಟಿಗಳಿದ್ದವು, ಒಂಬತ್ತರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ವೃತ್ತದಲ್ಲಿ ನಮ್ಮ ಹಿಂದಿನವರು ಒತ್ತಿದ ಕ್ಷಣವೇ ನಾವೂ ಸಂತೋಷದಿಂದ ಒತ್ತುತ್ತೇವೆ." ವೃತ್ತದಲ್ಲಿ ಎಲ್ಲರಿಗೂ ಹಿಂದಿನವರು ಇರುತ್ತಾರೆ. ತಟ್ಟೆ ಕವುಚಿದಾಗ ನನಗಿದು ಹೊಳೆಯಲೇ ಇಲ್ಲ.

ತಾತ ಚೀಟಿಗಳನ್ನು ಎರಡೆರಡು ಸಲ ಓದಿದರು. ಮತ್ತೆ ಉದ್ದಕ್ಕೆ ಬರೆಯೋಣವೆಂದರೆ ಮತ್ತೆ ಹನ್ನೊಂದು ದಿನದ ಜಗಳ, ಅದು ಇಪ್ಪತ್ತೆರಡಾಗದು ಎಂದು ಹೇಳುವವರು ಯಾರು? "ದಯವಿಟ್ಟು, ಇನ್ನೊಂದ್ಸಲ ಹೋಗಿಬರ್ಲಿ" ಎಂದರು. ಎರಡನೇ ಸುತ್ತಿಗೆ ಮೂವತ್ತೆಂಟು ದಿನ ಹಿಡಿಯಿತು. ಅದು ಹೊರಟ ವಾರದಲ್ಲೇ ತಮ್ಮನ ಪತ್ರವೊಂದು ಬಂತು, ಮುತ್ತಿನಂಥ ಅದೇ ಕೈ. "ಗಾಳಿ ಇನ್ನೂ ಶುರುವಾಗಿಲ್ಲ. ಕೋಟಿನ ಮೂರನೇ ಗುಂಡಿ ಬಿದ್ದುಹೋಗಿದೆ." ಅದಾದ ಮೇಲೆ ಪತ್ರ ಬರಲಿಲ್ಲ. ಕಾಗದ ಮಾತ್ರ ಬಂತು, ಹೋದ ಹಾಗೇ, ಬರಿ ಮೈಯಲ್ಲಿ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿ ಅತ್ತೆ. ಗುಂಡಗೆ ಬರೆದದ್ದು ನಾನೇ ಎಂದೂ ಹೇಳಿದೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಯಾರೋ ಗಾಜು ತಟ್ಟಿದರು. ನೋಡಿದರೆ ಅಮ್ಮ, ಕೈಯಲ್ಲಿ ಬಟ್ಟೆಯ ಚೀಲ, ಕಾಲಿಗೆ ಪ್ರಯಾಣದ ಚಪ್ಪಲಿ. ತೋಟಗಾರ ಬಾಗಿಲು ತೆಗೆದ. ಅಮ್ಮ ನೇರ ನಡುವಿನ ಮೇಜಿಗೆ ಬಂದಳು. ಅದು ತೋಟಗಾರ ಕುಂಡಕ್ಕೆ ಮಣ್ಣು ತುಂಬುತ್ತಿದ್ದ ಹಳೆಯ ಮೇಜು, ನೀರು ಇಳಿಯಲೆಂದು ನಡುವೆ ತಗ್ಗು ಮಾಡಿದ್ದು. ಅದರ ಮೇಲೆ ಕಾಗದ ಬಿದ್ದುಕೊಂಡಿತ್ತು.

"ಈ ನಡುವೆ ಖಾಲಿ ಬಿಟ್ಟಿದೀಯಲ್ಲ, ಯಾರಿಗೆ?" ಎಂದು ನನ್ನನ್ನು ಕೇಳಿದಳು.

"ಯಾರಿಗೂ ಅಲ್ಲಮ್ಮ. ತಟ್ಟೆ ಇಟ್ಟು ಬರೆದಿದ್ದಕ್ಕೆ ಹಾಗೇ ಉಳ್ಕೊಂಡಿದೆ."

"ಹಾಗಾದ್ರೆ ಇದು ಯಾವ ಪ್ರಾಂತ್ಯದ್ದೂ ಅಲ್ಲ" ಎಂದು ನನ್ನ ಮಸಿಯ ದೌತಿಗೆ ಹೆಬ್ಬೆರಳು ಅದ್ದಿದಳು.

ನದಿ ಪ್ರಾಂತ್ಯದ ಪ್ರತಿನಿಧಿ ಕುರ್ಚಿಯಿಂದ ಎದ್ದರು. "ಅಮ್ಮಾ, ಅದು ರಾಷ್ಟ್ರದ ಕಾಗದ."

"ನನ್ನ ಮಗ ಯಾವ ರಾಷ್ಟ್ರದವನು?"

ಅವರು ಮೇಜಿನ ಹತ್ತಿರ ಬರುವಷ್ಟರಲ್ಲಿ ಅಮ್ಮ ಆ ಖಾಲಿ ನಡುವೆ ಹೆಬ್ಬೆರಳು ಒತ್ತಿಯಾಗಿತ್ತು. ಅಮ್ಮ ದರ್ಜಿಗಳಿಗೆ ಕಾಜಾ ಹಾಕಿಕೊಡುವವಳು. ಗುಂಡಿ ತೂರುವ ಕಂಡಿಗಳಿಗೆ ದಾರ ಸುತ್ತಿ ಸುತ್ತಿ, ಸೂಜಿ ಚುಚ್ಚಿ ಚುಚ್ಚಿ, ಅವಳ ಹೆಬ್ಬೆರಳಿನ ತುದಿ ಜರಡಿಯಾಗಿತ್ತು. ತಾತ ಭೂತಗನ್ನಡಿಯಲ್ಲಿ ಆ ಗುರುತನ್ನು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಅವರು ಕಾನೂನನ್ನೂ ನೋಡಿದ್ದನ್ನು ನಾನು ಕಂಡಿಲ್ಲ.

"ದಯವಿಟ್ಟು, ಒಣಗಲಿ" ಎಂದರು.

"ಒಂಬತ್ತು ಜನಕ್ಕೂ ಹಿಂದಿನವರು ಒತ್ತಬೇಕು ತಾನೆ? ನಾನೇ ಆ ಹಿಂದಿನವಳು" ಎಂದಳು ಅಮ್ಮ. "ನಡುವಿನಿಂದ ಎಲ್ರೂ ಒಂದೇ ದೂರ. ನಿನ್ನ ತಟ್ಟೆ ಅಷ್ಟು ಉಪಕಾರ ಮಾಡಿದೆ. ಎಲ್ಲಿ, ಆ ಬಣ್ಣದ ಕಡ್ಡಿಗಳನ್ನೂ ಕೊಡಿ ಇಲ್ಲಿ."

ಕೇಂದ್ರದ ಕಾಗದವನ್ನು ಯಾವ ಪ್ರಜೆಯಾದರೂ ಒಯ್ಯಬಹುದು ಎಂದು ಮೊದಲ ವಾರದ ಉತ್ಸಾಹದಲ್ಲಿ ಬರೆದಿಟ್ಟಿದ್ದರು. ಅಳಿಸುವುದಕ್ಕೆ ಒಂಬತ್ತು ಮುದ್ರೆ ಬೇಕಿತ್ತು. ಹೀಗೆ ನಮ್ಮಮ್ಮ ಸರ್ಕಾರವನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದಳು.

ಮೂವತ್ತೊಂದು ದಿನ ಅವಳ ಸುಳಿವಿರಲಿಲ್ಲ. ಗಾಜಿನ ಮನೆಯಲ್ಲಿ ಎಲೆಗಳ ಮೇಲೆ ನೀರು ಹನಿಗಟ್ಟಿ ಬೀಳುವುದನ್ನು ಎಣಿಸುತ್ತಾ ಕೂತಿರುತ್ತಿದ್ದೆ. ಕಣ್ಣು ಮುಚ್ಚಿದರೆ ಅಮ್ಮ ಯಾವುದೋ ಉದ್ದನೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಬೆಂಚು ನಿಧಾನವಾಗಿ ತೇಲುತ್ತಾ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಪತ್ರ ಬರಲೇ ಇಲ್ಲ. ಪತ್ರ ಬರೆಯುತ್ತಿದ್ದ ಕೈ ಸುಮ್ಮನಾಯಿತೆಂದರೆ ಹೇಳುತ್ತಿದ್ದ ಬಾಯಿ ಸುಮ್ಮನಾಗಿರಬೇಕು ಎಂದು ನನ್ನ ಎದೆ ಹೇಳುತ್ತಿತ್ತು. ತಮ್ಮ ಹೋಗಿಬಿಟ್ಟ ಎಂದೇ ನಾನು ನಂಬಿದ್ದೆ. ಯಾರಿಗೂ ಹೇಳಲಿಲ್ಲ.

ಮೂವತ್ತೆರಡನೇ ದಿನ ಅಮ್ಮ ಗಾಜು ತಟ್ಟಿದಳು. ಕಾಗದ ಬಿಚ್ಚಿ ನಡುವಿನ ಮೇಜಿನ ಮೇಲೆ ಹರಡಿದಳು. ಒಂಬತ್ತು ಬಣ್ಣ, ಒಂಬತ್ತು ಮುದ್ರೆ, ನಡುವೆ ಅವಳ ತೂತು ತೂತು ಹೆಬ್ಬೆರಳು.

ಹೇಗೆ ಮಾಡಿದೆಯಮ್ಮ ಎಂದು ಮನೆಗೆ ಬಂದ ಮೇಲೆ ಕೇಳಿದೆ. "ಏನ್ ಮಾಡೋದು, ಕೂತಿದ್ದೆ" ಎಂದಳು. "ಒಬ್ಬ ಅಧಿಕಾರಿ ಬಂದು ಯಾರಮ್ಮ ನೀನು ಅಂತಿದ್ದ, ನಿಮ್ಮ ಹಿಂದಿನವಳು ಅಂತಿದ್ದೆ. ಕಾಗದ ತೋರಿಸ್ತಿದ್ದೆ. ಅವ್ರ ಕೈಯಲ್ಲೂ ಬೇರೆಯವ್ರ ಮಕ್ಕಳು, ಅವ್ರ ಮಕ್ಕಳು ಇನ್ನೊಬ್ಬರ ಕೈಯಲ್ಲಿ. ಎಲ್ರಿಗೂ ಬಿಡೋಕೆ ಮನಸ್ಸಿತ್ತು ಕಣೇ, ಮೊದ್ಲು ಬಗ್ಗೋಕೆ ಮಾನ ಅಡ್ಡ ಬರ್ತಿತ್ತು. ನಂಗೆ ಯಾವ ಮಾನ?"

"ಅವನನ್ನ ನೋಡಿದ್ಯಾ?"

ಅಮ್ಮ ಬಟ್ಟೆಯ ಚೀಲವನ್ನು ಮಡಿಸಿಟ್ಟಳು. "ಬಿಡುಗಡೆಗೆ ಮುಂಚೆ ಮುಖ ತೋರಿಸೋ ಹಾಗಿಲ್ಲ ಅಂದ್ರು. ಉಗ್ರಾಣದ ಗೋಡೆ ಪಕ್ಕ ನಿಂತಿದ್ದೆ. ಗಾಳಿ ಶುರುವಾಗಿತ್ತು. ಒಳಗೆ ಎಷ್ಟೋ ಜನ ಕೆಮ್ತಿದ್ರು. ನಮ್ಮೋನ ಕೆಮ್ಮು ಯಾವುದು ಅಂತ ಗೊತ್ತಾಗ್ಲಿಲ್ಲ. ಹೆತ್ತವಳು ನಾನು, ಗೊತ್ತಾಗ್ಬೇಕಿತ್ತು."

ಇನ್ನೊಂದು ನಿಯಮವಿತ್ತು. ಮುದ್ರೆ ಪೂರ್ತಿಯಾದ ಕಾಗದ ಮೂರು ದಿನ ನಡುವಿನ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇರಬೇಕು. ಅಷ್ಟರೊಳಗೆ ಯಾವ ಪ್ರಾಂತ್ಯ ಬೇಕಾದರೂ ಮನಸ್ಸು ಬದಲಿಸಿ ತನ್ನ ಮುದ್ರೆಯನ್ನು ಎತ್ತಿಸಿಬಿಡಬಹುದು. ಒಂದು ಹೋದರೂ ಎಲ್ಲ ಹೋದ ಹಾಗೆ. ಯಾರ ಮೇಲೂ ಬಲವಂತ ಆಗಬಾರದಲ್ಲ. ಒಳ್ಳೆಯವರು ಕೂತು ಬರೆದ ನಿಯಮಗಳು ಹೀಗೇ ಇರುತ್ತವೆ.

ಮೊದಲ ದಿನ ಏನೂ ಆಗಲಿಲ್ಲ. ತೋಟಗಾರ ಗಂಟೆಗೊಮ್ಮೆ ತಣ್ಣೀರಿನ ಬಟ್ಟೆಯನ್ನು ಮೇಜಿನ ಕಾಲಿಗೆ ಸುತ್ತುತ್ತಿದ್ದ. ಎರಡನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಉಪ್ಪಿನ ಪ್ರಾಂತ್ಯದ ಪ್ರತಿನಿಧಿಗೆ ಒಂದು ತಂತಿ ಬಂದು, ಅವರು ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ನೋಡಿದೆ. ಅವರು ಮಧ್ಯಾಹ್ನದ ಸಭೆಗೆ ಕಾಯುತ್ತಿದ್ದರು. ತಂತಿ ಬಂದದ್ದನ್ನು ತಾತನೂ ಕಂಡಿದ್ದರು, ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋದರು. ತೊಟ್ಟಿಯ ಪಕ್ಕ ತೋಟಗಾರನ ಜೊತೆ ನಿಂತಿದ್ದದ್ದು ಗಾಜಿನಿಂದ ಕಾಣುತ್ತಿತ್ತು. ಮಾತು ಕೇಳಿಸಲಿಲ್ಲ. ತಾತನ ತುಟಿ ಮಾತ್ರ ಕಂಡಿತು. ಆ ತುಟಿ ಯಾವ ಮಾತಿನಿಂದ ಶುರುಮಾಡಿತೆಂದು ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಹೇಳಬಲ್ಲೆ.

ಹನ್ನೊಂದಾಯಿತು. ತೋಟಗಾರ ಏಣಿ ಹತ್ತಲಿಲ್ಲ. ಹನ್ನೆರಡಾಯಿತು, ಚಾವಣಿ ಬಿಳಿಯ ಬೆಂಕಿಯಾಯಿತು. ಕೋಟು ಕಳಚಿದರು, ಕಾಲರ್ ಬಿಚ್ಚಿದರು, ಫೈಲಿನಲ್ಲಿ ಗಾಳಿ ಹಾಕಿಕೊಂಡರು. ಆ ಬೆಳಕಿನಲ್ಲಿ ಎಲೆಗಳೂ ಮುಖಗಳೂ ಅಂಚು ಕಳೆದುಕೊಂಡು ಒಂದರೊಳಗೊಂದು ಇಳಿಯುತ್ತಿದ್ದವು. ಯಾರೂ ಎದ್ದು ಏನಾಯಿತೆಂದು ಕೇಳಲಿಲ್ಲ. ಜೊಂಪು ಎಲ್ಲರನ್ನೂ ಒತ್ತಿ ಹಿಡಿದಿತ್ತು. ನಾನೊಬ್ಬಳು ಎಚ್ಚರವಾಗಿದ್ದೆ. ಮೇಜಿನ ಮೇಲೆ ನದಿಯ ನೀಲಿ ನಿಧಾನವಾಗಿ ಜಾರಿತು. ಬೆಟ್ಟದ ಕೆಂಪು ಅದನ್ನು ಹಿಂಬಾಲಿಸಿತು. ಉಪ್ಪಿನ ಬಿಳಿ ಎಲ್ಲಕ್ಕಿಂತ ಕೊನೆಗೆ, ಬೇಡವೋ ಬೇಡವೋ ಎನ್ನುವ ಹಾಗೆ ಹೊರಟಿತು. ಒಂಬತ್ತೂ ಮೇಜಿನ ತಗ್ಗಿಗೆ ಹರಿದು ಬಂದು ಅಮ್ಮನ ಹೆಬ್ಬೆರಳಿನ ಮೇಲೆ ಕೂಡಿಕೊಂಡವು. ತಣ್ಣೀರಿನ ಬಟ್ಟೆ ನನ್ನ ಕೈಯಳತೆಯಲ್ಲೇ ಇತ್ತು. ನಾನು ಮುಟ್ಟಲಿಲ್ಲ.

ಮೂರು ಗಂಟೆಗೆ ಉಪ್ಪಿನ ಪ್ರಾಂತ್ಯದ ಪ್ರತಿನಿಧಿ ಎದ್ದು, ಕೆನ್ನೆ ಒರೆಸಿಕೊಂಡು, ತಂತಿಯನ್ನು ಓದಿದರು. ಅವರ ಪ್ರಾಂತ್ಯ ಮುದ್ರೆಯನ್ನು ಹಿಂತೆಗೆದುಕೊಳ್ಳುತ್ತಿದೆ.

"ಅದು ನಿಮ್ಮ ಹಕ್ಕು" ಎಂದರು ತಾತ. "ದಯವಿಟ್ಟು, ನಿಮ್ಮದು ಯಾವುದು ತೋರಿಸಿ. ಎತ್ತಿಕೊಡ್ತೀವಿ."

ಎಲ್ಲರೂ ಮೇಜಿನ ಸುತ್ತ ನೆರೆದರು. ನಡುವೆ ಕೆಸರುಬಣ್ಣದ ಒಂದೇ ಮುದ್ದೆ ಹೊಳೆಯುತ್ತಾ ಕೂತಿತ್ತು. ಉಪ್ಪಿನ ಪ್ರತಿನಿಧಿ ಬಗ್ಗಿ ನೋಡಿದರು, ಇನ್ನೊಂದು ಕಡೆಯಿಂದ ಬಗ್ಗಿ ನೋಡಿದರು. ತಾತ ತಮ್ಮ ಭೂತಗನ್ನಡಿಯನ್ನು ಅವರ ಕೈಗಿತ್ತರು. ಅವರು ಅದರಲ್ಲೂ ನೋಡಿ, ಕೊನೆಗೆ ಕೈಚೆಲ್ಲಿ, ತಮ್ಮ ಕುರ್ಚಿಗೆ ಹೋಗಿ ಕೂತರು. ಅವರ ಮುಖದಲ್ಲಿ ಕೋಪಕ್ಕಿಂತ ನಿರಾಳವೇ ಹೆಚ್ಚಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

"ಚಾಪೆ ಯಾಕೆ ಬಿಡ್ಲಿಲ್ಲ?" ಎಂದು ಸಂಜೆ ತೋಟಗಾರನನ್ನು ಕೇಳಿದೆ.

"ಸೊಂಟ ಹಿಡ್ಕೊಂಡಿತ್ತು" ಎಂದ. ಒಂದು ಸೊಂಟ ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ಚರಿತ್ರೆಯಲ್ಲಿ ಯಾರೂ ಬರೆದಿಲ್ಲ.

ಮೂರನೇ ದಿನವೂ ಕಳೆಯಿತು, ಕೂಡಿಹಾಕಿದ್ದ ಉಗ್ರಾಣಗಳ ಬಾಗಿಲುಗಳು ತೆರೆದವು. ಒಂಬತ್ತು ಪ್ರಾಂತ್ಯಗಳಿಂದಲೂ ರೈಲುಗಳು ತುಂಬಿ ಬಂದವು. ಆರನೇ ದಿನ ಬೆಳಿಗ್ಗೆ, ನಾನು ಕಚೇರಿಗೆ ಹೊರಡುವ ಹೊತ್ತಿಗೆ, ಬಾಗಿಲಲ್ಲಿ ತಮ್ಮ ನಿಂತಿದ್ದ. ಹುಬ್ಬಿನಲ್ಲಿ, ಕಿವಿಯ ಸಂದಿನಲ್ಲಿ ಉಪ್ಪಿನ ಬಿಳುಪು. ಕೋಟಿಗೆ ಗುಂಡಿ ಎರಡೇ ಉಳಿದಿದ್ದವು. ಅಮ್ಮ ಅವನನ್ನು ಅಪ್ಪಿಕೊಳ್ಳುವುದಕ್ಕೂ ಮುಂಚೆ ಎದೆಗೆ ಕಿವಿಯಿಟ್ಟು ಕೆಮ್ಮಿಸಿ ಕೇಳಿದಳು. ಆಮೇಲೆ ಅಳುತ್ತಾ, "ಇದೇ, ಎಡಗಡೆಯಿಂದ ಎರಡನೇದು, ಕೇಳಿದ್ದೆ ನಾನು" ಎಂದಳು. ನಾನು ಸತ್ತ ಅಂದುಕೊಂಡಿದ್ದವನ ಕೆನ್ನೆ ಮುಟ್ಟಿ ಮುಟ್ಟಿ ನೋಡಿದೆ. ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಊಟಕ್ಕೆ ಕೂತಾಗ ಕೇಳಿದೆ, "ಪತ್ರ ಬರೀತಿದ್ನಲ್ಲ ನಿನ್ನ ಪಕ್ಕದವನು, ಅವನೂ ಬಂದ್ನಾ? ಯಾವ ಊರು ಅವಂದು?"

ತಮ್ಮ ಅನ್ನ ಕಲಸುತ್ತಲೇ ಹೇಳಿದ.

"ಅವ್ನು ಹೋದ, ಅಕ್ಕಾ. ಆ ಕಾಗದ ಎರಡನೇ ಸಲ ಸುತ್ತು ಹೊರಟಿತ್ತಲ್ಲ, ಆಗ. ಗಾಳಿಗೂ ಮುಂಚೇನೇ. ನಂಗಿಂತ ಗಟ್ಟಿಯಾಗಿದ್ದ. ಅವನು ಹೋದ್ಮೇಲೆ ಬರೆಯೋಕೆ ಯಾರೂ ಇರ್ಲಿಲ್ಲ."

ನಾನು ನನ್ನ ತಟ್ಟೆಯನ್ನು ದೂರ ಸರಿಸಿದೆ. ಅವನು ನನ್ನನ್ನು ನೋಡದೆ ಮುಂದುವರಿಸಿದ.

"ಮೊದ್ಲನೇ ಸಲ ಬಂದಾಗ ಕಾವಲಿನವರು ಕಾಗದಾನ ಒಳಗೆ ತಂದು ತೋರಿಸಿದ್ರು. ಇದ್ರಲ್ಲಿ ಮುದ್ರೆ ಬಿದ್ರೆ ನಿಮಗೆ ಬಿಡುಗಡೆ ಅಂದ್ರು. ಅವ್ನು ಕೈಗೆ ತಗೊಂಡು ಸುತ್ತ ತಿರುಗಿಸ್ತಾನೇ ಇದ್ದ. ಬರೆದವರ ಕೈ ಬಹಳ ಚೆಂದ ಇದೆ ಅಂದ. ಬಿಡುಗಡೆ ಆದ್ಮೇಲೆ ಹೋಗಿ ನೋಡ್ಬೇಕು ಅಂದ." ತಮ್ಮ ಸ್ವಲ್ಪ ನಕ್ಕ. "ಆದ್ರೆ ಎಲ್ಲಿಂದ ಓದೋಕೆ ಶುರು ಮಾಡ್ಬೇಕೋ ತಿಳೀತಿಲ್ಲ ಅಂದ."

ಅಮ್ಮ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಎದ್ದು ಹೋಗಿ ಅವನ ಕೋಟು ತಂದು, ಮೂರನೇ ಗುಂಡಿ ಹೊಲಿಯಲು ಕೂತಳು. ಬರೆದದ್ದು ನಾನೇ ಎಂದು ತಮ್ಮನಿಗೆ ಹೇಳಿದೆ. ಅವನು ಬಿರಿದ ಬೆರಳುಗಳಿಂದ ನನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದ.

ಮುಂದೆ ಎರಡು ವರ್ಷಕ್ಕೆ ಹೊಸ ಕಾನೂನು ಬಂತು, ಕಲ್ಲಿನ ಕಟ್ಟಡ ಬಂತು, ಅಪ್ಪಣೆ ಮಾಡಬಲ್ಲ ಸರ್ಕಾರ ಬಂತು. ತಾತ ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಗಡಿಯಾರದ ಅಂಗಡಿಗೆ ವಾಪಸ್ಸು ಹೋದರು. ನನ್ನನ್ನು ಅಕ್ಷರ ಚೆನ್ನಾಗಿದೆ ಎಂದು ಉಳಿಸಿಕೊಂಡರು. ಈಗ ಎಲ್ಲವನ್ನೂ ಉದ್ದಕ್ಕೆ, ಅಂಕಿ ಹಾಕಿ ಬರೆಯುತ್ತೇವೆ. ಒಂದೇ ಮುದ್ರೆ, ಒಂದೇ ಮಧ್ಯಾಹ್ನದ ಕೆಲಸ. ಬಿಡಿ ಎಂದು ಬರೆದರೂ ಅಷ್ಟೇ ಹೊತ್ತು, ಹಿಡಿಯಿರಿ ಎಂದು ಬರೆದರೂ ಅಷ್ಟೇ ಹೊತ್ತು. ಹಿಡಿಯಿರಿ ಎಂಬ ಕಾಗದದಲ್ಲಿ ಮೊದಲ ಹೆಸರಿಗೆ 'ಒಂದು' ಹಾಕುವಾಗಲೆಲ್ಲ ಗಾಜಿನ ಮನೆಯ ಬೆಳಕು ಕಣ್ಣಿಗೆ ಬಂದು ಕೈ ತಡೆಯುತ್ತದೆ. ಬಿಡಿ ಎಂಬ ಕಾಗದ ಬಂದ ದಿನ ಮಾತ್ರ ನಾನು ಯಾವುದಕ್ಕೂ ನಿಲ್ಲುವುದಿಲ್ಲ. ಯಾರು ಮೊದಲು, ಯಾರು ಕೊನೆ ಎಂದು ನೋಡುವುದಿಲ್ಲ. ಮೊದಲು ಕೈಗೆ ಸಿಕ್ಕಿದ ಹೆಸರಿನಿಂದ ಶುರುಮಾಡಿ, ಬೇಗ ಬೇಗ ಬರೆದು ಮುಗಿಸುತ್ತೇನೆ.